ಒಬ್ಬಾಕಿಗೆ ಮನೆ ಕೊಟ್ಟ ಮಾಲಕಿ

ಕಳೆದ ತಿಂಗಳು ಬೆಳಗಾವಿಯಲ್ಲಿ ಒಂದು ಫ್ಲ್ಯಾಟ್ ನೋಡಲು ಹೋಗಿದ್ದೆ. ಕಟ್ಟಡ ಇನ್ನೂ ಮುಗಿದಿರಲಿಲ್ಲ. ಆಗಷ್ಟೇ ನೀರು ಹೊಡೆದ ಸಿಮೆಂಟ್ ಗೋಡೆಗಳಿಂದ ಹಸಿ ವಾಸನೆ ಏಳುತ್ತಿತ್ತು. ತೋರಿಸಲು ಬಂದವನು ಲಿಫ್ಟ್, ಪಾರ್ಕಿಂಗ್, ಇಟಾಲಿಯನ್ ಟೈಲ್ಸ್ ಎಂದು ಹೇಳುತ್ತಲೇ ಇದ್ದ. ನಾನು ಗೋಡೆಗೆ ಅಂಗೈ ಒತ್ತಿ ನಿಂತುಬಿಟ್ಟೆ. ಬೈಲಹೊಂಗಲದ ಆ ಮನೆ ಮಾಲಕಿಯನ್ನು ಮೊದಲ ಸಲ ಕಂಡಾಗಲೂ ಸುತ್ತ ಇದೇ ವಾಸನೆ ಇತ್ತು...

ಆಗ ನಾನು ಗಂಡನನ್ನು ಬಿಟ್ಟು ರಾಮದುರ್ಗದಿಂದ ಬಂದಿದ್ದೆ. ಹೊಡೆಸಿಕೊಂಡದ್ದು ಸಾಕಾಗಿತ್ತು. ಕಟಕೋಳದ ತವರಿಗೆ ಹೋದರೆ ಎರಡು ದಿನ ಇಟ್ಟುಕೊಂಡು ಮತ್ತೆ ಅಲ್ಲಿಗೇ ಕಳಿಸುತ್ತಾರೆಂದು ಗೊತ್ತಿತ್ತು. ಬೈಲಹೊಂಗಲದ ಒಂದು ದವಾಖಾನೆಯ ಲ್ಯಾಬಿನಲ್ಲಿ ಕೆಲಸವೇನೋ ಸಿಕ್ಕಿತು, ಮನೆ ಸಿಗಲಿಲ್ಲ. ನಗುನಗುತ್ತಾ ಖೋಲಿ ತೋರಿಸಿದವರೂ "ನಿಮ್ಮ ಮನಿಯವರು ಏನ್ ಮಾಡತಾರ್ರಿ?" ಎಂದು ಕೇಳುತ್ತಿದ್ದರು. ಒಬ್ಬಳೇ ಇರುತ್ತೇನೆ ಎಂದ ಕೂಡಲೇ ಆ ಖೋಲಿ ನೆಂಟರಿಗೆ ಬೇಕಾಗಿಬಿಡುತ್ತಿತ್ತು.

ಕಡೆಗೆ ಬಜಾರದ ಹಿಂದಿನ ಓಣಿಯಲ್ಲಿ ಒಬ್ಬ ವಿಧವೆ ಮೂರು ಅಂತಸ್ತು ಕಟ್ಟಿಸುತ್ತಿದ್ದಾರೆ, ಕೇಳಿ ನೋಡು ಎಂದು ದವಾಖಾನೆಯ ಆಯಾ ಹೇಳಿದಳು. ಹೋದಾಗ ಮಾಲಕಿ ಸೆರಗು ಸಿಕ್ಕಿಸಿಕೊಂಡು ಅರ್ಧ ಕಟ್ಟಿದ ಮೆಟ್ಟಿಲ ಮೇಲೆ ನಿಂತು ಗೌಂಡಿಯ ಜೊತೆ ಜಗಳಕ್ಕಿಳಿದಿದ್ದರು. ಎತ್ತರದ ಮೈಕಟ್ಟು, ಒಡೆದ ದನಿ. ಇಡೀ ಓಣಿ ಅವರನ್ನು ಅವ್ವಾರು ಎನ್ನುತ್ತಿತ್ತು.

"ಪಾವಟಿಗಿ ಸ್ವಲ್ಪ ಸಣ್ಣವು ಮಾಡಿದ್ರ ಮ್ಯಾಲ ಇನ್ನೊಂದು ಖೋಲಿ ಕುಂದ್ರತೈತ್ರೀ ಅವ್ವಾರ," ಎಂದ ಗೌಂಡಿ.

"ಖೋಲಿ ಕುಂದ್ರತೈತಿ, ಹೊರಸು ಹೊಳ್ಳತೈತೇನು? ಮ್ಯಾಲ ಯಾರಿಗರೆ ಜಡ್ಡಾದ್ರ ಹೆಂಗ ಇಳಸ್ತಿ? ಒಡಿ ಅದನ್ನ."

ಕಟ್ಟಿದ್ದ ಮೆಟ್ಟಿಲುಗಳನ್ನು ಅವರ ಕಣ್ಣೆದುರಿಗೇ ಒಡೆದರು. ಆ ಹಟದ ಕಾರಣ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ಒಮ್ಮೆ ಚಹಾ ಕುಡಿಯುತ್ತಾ ಕುಳಿತಾಗ. ಹುಬ್ಬಳ್ಳಿಯಲ್ಲಿ ಅವರು ಮಾಳಿಗೆಯ ಮೇಲೆ ಬಾಡಿಗೆಗಿದ್ದಾಗ ಗಂಡನಿಗೆ ಎದೆನೋವು ಬಂದಿತ್ತಂತೆ. ಮೆಟ್ಟಿಲ ತಿರುವಿನಲ್ಲಿ ಅವರನ್ನು ಮಲಗಿಸಿ ಹೊತ್ತ ಹೊರಸು ಸಿಕ್ಕಿಬಿದ್ದು, ಕುರ್ಚಿ ತಂದು, ಅವರನ್ನು ಅದಕ್ಕೆ ಕಟ್ಟಿ ಇಳಿಸುವಷ್ಟರಲ್ಲಿ ಉಸಿರು ನಿಂತಿತ್ತು. ಅಷ್ಟು ಹೇಳಿ ಅವರು ಬಸಿಯಲ್ಲಿದ್ದ ಚಹಾ ಕುಡಿದು ಎದ್ದುಹೋದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಆ ಮೊದಲ ದಿನ ನಾನೇ ಮುಂದಾಗಿ, ಒಬ್ಬಳೇ ಇರುವವಳು, ಗಂಡನನ್ನು ಬಿಟ್ಟು ಬಂದವಳು ಎಂದು ಹೇಳಿಬಿಟ್ಟೆ. ಇಲ್ಲ ಅನ್ನಿಸಿಕೊಳ್ಳುವುದಾದರೆ ಬೇಗ ಅನ್ನಿಸಿಕೊಂಡು ಹೋಗೋಣ ಎಂದು.

ಅವರು ನನ್ನ ಮುಖ ನೋಡಲಿಲ್ಲ, ಮೇಲಿನ ಮನೆಯ ಕಡೆ ನೋಡಿದರು. "ಬೆಳಕ ಅಡಗಿ ಮನ್ಯಾಗ ಬೇಕೋ, ಮಲಗೋ ಖೋಲ್ಯಾಗ ಬೇಕೋ? ಈಗ ಹೇಳಿಬಿಡು ತಂಗಿ, ನಾಳೆ ಕಿಟಕಿ ಕೂಡಸ್ತಾರ."

ನನಗೆ ಏನು ಬೇಕು ಎಂದು ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. ಮೇಲಿನ ಎರಡೂ ಖೋಲಿಗಳನ್ನು ನೋಡುತ್ತಾ ನಿಂತೆ. ಅವರೇ ಎರಡೂ ಕಡೆ ಕಿಟಕಿ ಇಡಿಸಿದರು. ಬಣ್ಣ ಬಳಿಯುವ ಮೊದಲೇ ಬಾಗಿಲಿಗೆ ಒಳಗಿನಿಂದ ದಪ್ಪ ಚಿಲಕ ಹಾಕಿಸಿ, ನನ್ನ ಕೈಯಿಂದಲೇ ಹಾಕಿ ತೆಗೆಸಿ ನೋಡಿದರು.

ಹಾಗೆಂದು ಮೆತ್ತನೆಯ ಹೆಂಗಸಲ್ಲ ಅವರು. ನಳ ಸೋರಿದರೆ ಕೆಳಗಿನಿಂದಲೇ ಕೂಗುತ್ತಿದ್ದರು. ಮುಂದಿನ ಬಾಲ್ಕನಿಯ ಕಟಾಂಜನದ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸಂಜೆಯವರೆಗೂ ಮಾತಿಲ್ಲ. ಆದರೆ ನಾನು ಎಲ್ಲಿಗೆ ಹೋದೆ, ಯಾವಾಗ ಬಂದೆ ಎಂದು ಒಂದು ದಿನವೂ ಕೇಳಲಿಲ್ಲ.

ಒಂದು ಮಧ್ಯಾಹ್ನ ನನ್ನ ಗಂಡ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಮಾಲಕಿ ಕೆಳಗಿನ ಹೊಸ್ತಿಲಲ್ಲಿ ಮೊರದ ತುಂಬ ಹೆಸರುಕಾಳು ಹಾಕಿಕೊಂಡು ಹಸನು ಮಾಡುತ್ತಿದ್ದರು. ನಾನು ಮೇಲಿನಿಂದ ಕೇಳಿಸಿಕೊಳ್ಳುತ್ತಾ ನಿಂತಿದ್ದೆ.

"ನಮ್ಮ ಸೊಸಿ ಮ್ಯಾಲ ಅದಾಳ್ರಿ. ಕರಕೊಂಡು ಹೋಗಾಕ ಬಂದೇವಿ," ಎಂದರು ಒಬ್ಬ ಹಿರಿಯರು.

"ಆಕಿ ಬರತೇನಿ ಅಂದ್ರ ಕರಕೊಂಡು ಹೋಗ್ರಿ. ಅಂದಾಳೇನು?"

"ಮನಿ ನಿಮ್ದು ಐತಿ. ನೀವು ಬಿಡಸ್ರಿ ಅವ್ವಾರ."

"ಮನಿ ನಂದು. ಬಾಗಲಾ ಬಾಡಿಗಿ ಇದ್ದಾಕೀದು. ನಾನೂ ಕೇಳದ ಒಳಗ ಹೋಗಂಗಿಲ್ಲ. ನಿಮ್ಮನ್ನ ಹೆಂಗ ಬಿಡ್ಲಿ?"

ಗಂಡ ಮೆಟ್ಟಿಲ ಕಡೆ ಕಾಲು ಎತ್ತಿಟ್ಟ. ಮಾಲಕಿ ಏಳಲಿಲ್ಲ, ಹೊಸ್ತಿಲಿಗೆ ಅಡ್ಡಲಾಗಿ ಕಾಲು ಚಾಚಿದರು. "ದಾಟ್ಕೊಂಡು ಹೋಗು," ಎಂದರು ತಣ್ಣಗೆ. ಓಣಿಯ ಜನ ಸೇರಿ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಒಬ್ಬ ಮುದುಕಿಯ ಕಾಲು ದಾಟುವ ಧೈರ್ಯ ಆ ಮನುಷ್ಯನಿಗೆ ಬರಲಿಲ್ಲ. ಅವರೆಲ್ಲ ಹೋದ ಮೇಲೆ ನಾನು ಕೆಳಗಿಳಿದೆ. ಮಾಲಕಿ ಮೊರ ಎತ್ತಲು ಹೋದಾಗ ಅದು ಕೈಜಾರಿ ಕಾಳು ನೆಲಕ್ಕೆ ಚೆಲ್ಲಿದವು. ಇಬ್ಬರೂ ಕುಳಿತು ಆರಿಸಿದೆವು.

ಅದಾದ ಮೇಲೆ ನಡುವಿನ ಅಂತಸ್ತಿನಲ್ಲಿ ಬಾಡಿಗೆಗಿದ್ದ ಸಂಸಾರ, ಇಂಥ ಕಡೆ ಇರುವುದಿಲ್ಲ ಎಂದು ಖಾಲಿ ಮಾಡಿಕೊಂಡು ಹೋಯಿತು. ಎಷ್ಟೋ ತಿಂಗಳು ಅದಕ್ಕೆ ಬೇರೆ ಯಾರೂ ಬರಲಿಲ್ಲ. ಮುರಗೋಡದಿಂದ ಮಾಲಕಿಯ ಮೈದುನ ಬಂದು, ನನ್ನನ್ನು ಬಿಡಿಸದಿದ್ದರೆ ಮನೆತನದ ಸಂಬಂಧವೇ ಬೇಡ ಎಂದು ಹೇಳಿಹೋದ. ಈ ಮಾತು ನನ್ನ ಕಿವಿಗೆ ಬೀಳದಂತೆ ಅವರು ನೋಡಿಕೊಂಡರು. ಪ್ರತಿ ವರ್ಷ ಮುರಗೋಡದ ಹೊಲದಿಂದ ಚೀಲಗಟ್ಟಲೆ ಜೋಳ ಬರುತ್ತಿದ್ದ ಮನೆಯ ಒಡತಿ ಅಂಗಡಿಯ ಹಿಟ್ಟಿನ ಪಾಕೀಟು ಹಿಡಿದು ಬರುವುದನ್ನು ಕಂಡಾಗ ನಾನೇ ಒತ್ತಾಯ ಮಾಡಿ ಕೇಳಿ ತಿಳಿದುಕೊಂಡೆ.

"ಬೇರೆ ಕಡೆ ನೋಡ್ಕೋತೇನ್ರಿ ಅವ್ವಾರ," ಎಂದೆ.

"ನೀ ಹೋದ್ರ ಅವರು ಗೆದ್ದಂಗ. ರೊಟ್ಟಿ ಇದರದೂ ಆಗತಾವ," ಎಂದು ಪಾಕೀಟು ಹರಿದು ಹಿಟ್ಟು ಪರಾತಕ್ಕೆ ಸುರುವಿದರು. ಆ ರೊಟ್ಟಿ ಅಂಚಿಗೆಲ್ಲ ಬಿರಿದವು. ಅವರು ಹಿಟ್ಟನ್ನು ಬೈದರು, ಮೈದುನನನ್ನು ಬೈದರು, ನನಗೆ ಇನ್ನೆರಡು ಬಡಿಸಿದರು.

ಕೋರ್ಟಿನಲ್ಲಿ ಗಂಡನಿಂದ ಸೋಡಚೀಟಿ ಆಗುವವರೆಗೂ ಆ ಮನೆಯಲ್ಲೇ ಇದ್ದೆ. ಆಮೇಲೆ ಬೆಳಗಾವಿಯಲ್ಲಿ ಕೆಲಸ ಸಿಕ್ಕಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣು ಮುಗಿದು ವಾರವಾಗಿತ್ತು. ನೆಂಟರಿಗೆ ನನ್ನನ್ನು ಕರೆಯಬೇಕು ಅನ್ನಿಸಿರಲಿಕ್ಕಿಲ್ಲ... ಮನೆ ಈಗ ಮೈದುನನ ಮಕ್ಕಳದು. ಅದರ ಮುಂದೆ "ಫ್ಯಾಮಿಲಿಗೆ ಮಾತ್ರ" ಎಂಬ ಫಲಕ ನೇತಾಡುತ್ತಿದೆ. ಹೋಗಿ ಕಣ್ಣಾರೆ ನೋಡಿ ಬಂದೆ. ಅದನ್ನು ಕಿತ್ತುಹಾಕುವ ಹಕ್ಕು ನನಗಿಲ್ಲ, ಆ ಹಕ್ಕಿದ್ದವರು ಈಗಿಲ್ಲ.

ಬೆಳಗಾವಿಯ ಫ್ಲ್ಯಾಟ್ ನನಗೆ ಒಪ್ಪಿಗೆಯಾಯಿತು. ಹಾಗೆಂದಾಗ ತೋರಿಸಲು ಬಂದವನು ತಡವರಿಸಿದ. "ಜೋಡಿ ಯಾರ ಇರತಾರ್ರಿ ಮೇಡಂ?"

"ಯಾರೂ ಇಲ್ಲ. ನಾನೊಬ್ಬಾಕಿ ಇರತೇನಿ."

"ಅಲ್ರಿ... ಇಲ್ಲಿ ಮನಿ ತಗೊಂಡವರು ಒಂದು ಕಮಿಟಿ ಮಾಡ್ಕೊಂಡಾರ. ಅವರನ್ನ ಒಂದ್ ಮಾತ ಕೇಳಬೇಕಾಗತೈತಿ."

ನನ್ನ ಪರವಾಗಿ ಮಾತಾಡುವವರು ಕೆಳಗೆ ಯಾರೂ ಕುಳಿತಿರಲಿಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದು ಕೋಣೆಯ ನಡುವೆ ಹಾಕಿಕೊಂಡು ಕುಳಿತೆ.

"ಕರೀರಿ ಅವರನ್ನ," ಎಂದೆ. "ನಾ ಎಲ್ಲೂ ಹೋಗಂಗಿಲ್ಲ."