ಗಿರಿಜತ್ತೆಯ ಗೀಟು

ಗಿರಿಜತ್ತೆಯ ಬಲಗೈ ತೋರುಬೆರಳು ಯಾವಾಗಲೂ ಕೆಂಪಗಿರುತ್ತಿತ್ತು. ನನ್ನ ಮದುವೆಯ ಫೋಟೋದಲ್ಲಿ ಅಕ್ಷತೆ ಹಾಕುತ್ತಿರುವ ಹತ್ತಾರು ಕೈಗಳ ನಡುವೆ ಅವಳ ಕೈಯನ್ನು ಈಗಲೂ ಗುರುತಿಸಬಹುದು. ಬೆರಳಿಗೆ ಮೆತ್ತಿದ್ದು ಕೆಮ್ಮಣ್ಣು.

ಅವಳು ನನ್ನ ಅಪ್ಪನ ತಂಗಿ. ಮದುವೆಯಾಗಿ ಬೀದರಿನಿಂದ ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದವಳು. ಮಾಮ ಅಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಫಿಟರ್. ನಾವಿದ್ದದ್ದು ಪಕ್ಕದ ಬೀದಿಯಲ್ಲಿ. ಕಾಲೊನಿಯಲ್ಲಿ ಯಾರ ಮೈಮೇಲೆ ಸರ್ಪಸುತ್ತು ಎದ್ದರೂ ಅವರು ಅತ್ತೆಯ ಪಡಸಾಲೆಗೆ ಬರುತ್ತಿದ್ದರು. ದೊಡ್ಡ ದೊಡ್ಡ ಇಂಜಿನಿಯರುಗಳೂ ಅಂಗಿ ಎತ್ತಿಕೊಂಡು ತೆಪ್ಪಗೆ ನಿಲ್ಲುತ್ತಿದ್ದರು. ಗುಳ್ಳೆಗಳ ಸಾಲು ಎಲ್ಲಿ ಮುಗಿಯುತ್ತದೋ ಅದರ ಮುಂದೆ ಅತ್ತೆ ಕೆಮ್ಮಣ್ಣಿನ ಬೆರಳಿನಿಂದ ಅಡ್ಡ ಗೀಟು ಎಳೆಯುತ್ತಿದ್ದಳು. ಸರ್ಪದ ತಲೆ-ಬಾಲ ಸೊಂಟದ ಸುತ್ತ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ಎಲ್ಲರ ನಂಬಿಕೆ. “ಕೂಡಾಕ ನಾ ಬಿಡಬೇಕಲ್ಲರೀ?” ಎನ್ನುವಳು. ಆಮೇಲೆ ಗುಳ್ಳೆಗಳಿಗೇ ಗದರಿಕೆ: “ಏ, ಇಲ್ಲೇ ನಿಂದ್ರು! ಗೀಟು ದಾಟಿದ್ರ ನೋಡು ಮತ್ತ!”

ಅವಳ ಮಣ್ಣಿನ ಮೇಲೆ ನನಗೆ ಅಷ್ಟೇನೂ ಭರವಸೆ ಇರಲಿಲ್ಲ. ಆದರೆ ಆ ಗದರಿಕೆಗೆ ಯಾವ ಹಾವಾದರೂ ಹೆದರಬೇಕು.

ಐವತ್ತು ದಾಟಿದ ಮೇಲೆ ಅತ್ತೆಗೆ ಮೂಳೆಮಜ್ಜೆಯ ಕ್ಯಾನ್ಸರ್ ಬಂತು. ಅವಳ ರಕ್ತದಿಂದಲೇ ಸ್ಟೆಮ್ ಸೆಲ್ ತೆಗೆದಿಟ್ಟು, ಕಟುವಾದ ಔಷಧಿ ಕೊಟ್ಟು ಮಜ್ಜೆಯನ್ನು ಬರಿದು ಮಾಡಿ, ಮತ್ತೆ ಅವನ್ನೇ ಮೈಗೆ ಏರಿಸಿದರು. “ಹೊಲಾ ಸುಟ್ಟು ಹದಾ ಮಾಡಿ, ನನ್ನ ಬೀಜಾನ ನನಗ ಬಿತ್ಯಾರ,” ಎಂದು ನೋಡಲು ಬಂದವರಿಗೆಲ್ಲ ಅತ್ತೆಯೇ ಬಿಡಿಸಿ ಹೇಳುತ್ತಿದ್ದಳು. ಬೆಳೆಯೂ ಚೆನ್ನಾಗಿಯೇ ಎದ್ದಿತು. ಆದರೆ ವೈರಸ್ ಏಳದಿರಲೆಂದು ಕೊಟ್ಟಿದ್ದ ಗುಳಿಗೆಗಳನ್ನು, ಬಾಯಿ ಕಹಿಯಾಗುತ್ತದೆಂದು, ಯಾರಿಗೂ ಹೇಳದೆ ಬಿಟ್ಟುಬಿಟ್ಟಳು.

ಒಂದು ಬೆಳಿಗ್ಗೆ ನನ್ನನ್ನು ಕರೆಸಿ, ಸೆರಗು ಸರಿಸಿ ಸೊಂಟ ತೋರಿಸಿದಳು. ಅದೇ ಗುಳ್ಳೆಗಳ ಸಾಲು. “ತಲಿ ಎಲ್ಲಿಗೆ ಬಂದೈತಿ ನೋಡವಾ,” ಎಂದಳು. ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಯಾದಮ್ಮ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಬಂದಳು. ಹಿಂದೊಮ್ಮೆ ಅವಳಿಗೂ ಅತ್ತೆಯೇ ಗೀಟು ಹಾಕಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಇನ್ನೂ ಕಸುವಿಲ್ಲದ ಮೈ, ಗುಳ್ಳೆ ಒಡೆದು ಮಣ್ಣು ತಾಗಿದರೆ ನಂಜಾದೀತು ಎಂದೆ.

ಅತ್ತೆ ಬಟ್ಟಲನ್ನೇ ನೋಡುತ್ತ ಕೂತಳು. “ಊರಿಗೆಲ್ಲ ಹಾಕೀನಿ. ನನಗ ಒಂದ್ ಗೀಟು ಬ್ಯಾಡೇನು?”

ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಆಟೋ ಕರೆದೆ.

ಆಸ್ಪತ್ರೆಯ ಡಾಕ್ಟರ್ ಸಣ್ಣ ವಯಸ್ಸಿನ ತೆಲುಗು ಹೆಣ್ಣುಮಗಳು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬಿನ ಅಮ್ಮ ಬಂದಾಗ ಮೈ ಹೊಕ್ಕ ವೈರಸ್ ಬೆನ್ನಿನ ನರದಲ್ಲಿ ಮಲಗಿರುತ್ತದೆ, ಮೈಯ ಕಾವಲು ಸಡಿಲವಾದಾಗ ಏಳುತ್ತದೆ, ಇಂಥವರಲ್ಲಿ ಮೈತುಂಬ ಹರಡಿ ಜೀವಕ್ಕೇ ಕುತ್ತಾಗಬಹುದು ಎಂದಳು.

“ಅಯ್ಯ, ಬಂದಾಕಿ ಹೋಗೇ ಇಲ್ಲೇನು?” ಎಂದಳು ಅತ್ತೆ. “ಇಷ್ಟ ವರ್ಷ ಬಾಡಿಗಿ ಇಲ್ದ ಕುಂತಾಳಲ್ಲ!”

ನಾನು ತೆಲುಗಿನಲ್ಲಿ ಹೇಳಿದಾಗ ಡಾಕ್ಟರೂ ನಕ್ಕಳು. “ಭಯಪಡೊದ್ದು ಅಮ್ಮಾ,” ಎಂದು ಧೈರ್ಯ ಹೇಳಿ ಡ್ರಿಪ್ ಹಾಕಿಸಿದಳು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಗುಳ್ಳೆಗಳ ಅಂಚಿನಾಚೆ ಚರ್ಮದ ಮೇಲೆ ಒಂದು ಗೀಟು ಎಳೆದಳು. ನಾಳೆಗೆ ಎಷ್ಟು ಮುಂದೆ ಹೋಗಿದೆ ಎಂದು ತಿಳಿಯಲಿಕ್ಕಂತೆ.

ಅತ್ತೆಯ ಮುಖ ಅರಳಿತು. “ನೋಡಿದೇನು? ಡಾಕ್ಟರಮ್ಮನೂ ಗೀಟು ಹಾಕಿದ್ಲು!”

ಮರುದಿನ ಒಂದೆರಡು ಗುಳ್ಳೆಗಳು ಗೀಟು ದಾಟಿದ್ದವು. ಅತ್ತೆ ಅವನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ಔಷಧಿ ಹತ್ತಿತು.

ಅಲ್ಲಿಂದ ಪಡಸಾಲೆಯ ಕಾಯಿದೆ ಬದಲಾಯಿತು. “ಮೊದಲ ದವಾಖಾನಿ, ಆಮ್ಯಾಲ ಗೀಟು,” ಎಂದು ಬಂದವರನ್ನು ತಿರುಗಿಸಿ ಕಳಿಸುವಳು. ಗುಳಿಗೆ ತೋರಿಸಿದವರಿಗೆ ಮಾತ್ರ ಗೀಟು, ಅದೂ ಪೆನ್ನಿನಿಂದ. ಗದರಿಕೆ ಮಾತ್ರ ಮೊದಲಿನದೇ. ಬೆರಳಿನ ಕೆಂಪು ಹೋಗಿ ಶಾಯಿಯ ನೀಲಿ ಹತ್ತಿತು.

ಕೆಲವು ವರ್ಷಗಳ ಮೇಲೆ ಕ್ಯಾನ್ಸರ್ ಮರಳಿ ಬಂತು. ಕೊನೆಯ ಸಲ ನೋಡಲು ಹೋದಾಗ ಅತ್ತೆ ದಿಂಬಿನ ಕೆಳಗಿಂದ ಪೆನ್ನು ತೆಗೆದು ನನ್ನ ಕೈಗಿಟ್ಟಳು. “ಇದರ ತಲಿ ಯಾವುದು, ಬಾಲ ಯಾವುದು, ತಿಳೀವಲ್ದು. ನಿನಗ ತಿಳಿದಲ್ಲಿ ಒಂದ್ ಗೀಟು ಹಾಕವಾ.”

ನನಗೂ ತಿಳಿಯಲಿಲ್ಲ. ಅವಳ ಮುಂಗೈ ಮೇಲೆ ಅಡ್ಡ ಗೀಟು ಎಳೆದೆ.

“ಬರೇ ಎಳದ್ರ ಆಗಂಗಿಲ್ಲ. ಬೈ.”

“ಇಲ್ಲೇ ನಿಂದ್ರು,” ಎಂದೆ ಮೆಲ್ಲಗೆ.

“ಜೋರಾಗಿ.”

ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಗದರಿದೆ. ಅತ್ತೆ ಸಮಾಧಾನದಿಂದ ಕಣ್ಣು ಮುಚ್ಚಿಕೊಂಡಳು.

ಎರಡು ದಿನದ ಮೇಲೆ ಅವಳಿಗೆ ಕೊನೆಯ ಸ್ನಾನ ಮಾಡಿಸುವಾಗ, ಮುಂಗೈ ಮೇಲೆ ಆ ಗೀಟು ಇನ್ನೂ ಇತ್ತು. ಅದನ್ನು ಉಜ್ಜಲು ನಾನು ಯಾರಿಗೂ ಬಿಡಲಿಲ್ಲ.