ಕಿವಿಯಿಂದಲೇ ಕಾರು ನೋಡುವ ಶಂಕರೆಪ್ಪ

ಮುನವಳ್ಳಿಯ ಹತ್ತಿ ವ್ಯಾಪಾರಿ ಶಂಕರೆಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ಕಾರಿನ ವಿಷಯದಲ್ಲಿ ತನಗೆ ತಿಳಿಯದ್ದು ಏನೂ ಇಲ್ಲವೆಂದು ಊರನ್ನೆಲ್ಲ ನಂಬಿಸಿದ್ದ. ಯಾರದೋ ಜೀಪು ಅಂಗಡಿಯ ಮುಂದೆ ಹಾದರೆ ಕಣ್ಣು ಮುಚ್ಚಿ, ತಲೆ ವಾಲಿಸಿ, "ಟ್ಯಾಪೆಟ್ ಸಡಲ ಆಗ್ಯಾವ" ಎನ್ನುತ್ತಿದ್ದ. ಜೀಪಿನವರು ನಿಂತು ಕೇಳುತ್ತಿರಲಿಲ್ಲವಾದ್ದರಿಂದ ಅವನ ಮಾತು ಎಂದೂ ಸುಳ್ಳಾಗಲಿಲ್ಲ.

ತೊಂಬತ್ತಾರರಲ್ಲಿ ಅವನ ಹಳೆಯ ಅಂಬಾಸಿಡರ್ ದಾರಿಯಲ್ಲಿ ನಿಲ್ಲತೊಡಗಿತು. ಇಪ್ಪತ್ತು, ಮೂವತ್ತು ಕಿಲೋಮೀಟರು ಚೆನ್ನಾಗಿ ಹೋಗಿ ಸುಮ್ಮನಾಗುತ್ತಿತ್ತು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಶಂಕರೆಪ್ಪ ಕಿವಿಗೊಟ್ಟು ಕೇಳಿ ಕಾಯಿಲ್ ಸುಟ್ಟಿದೆ ಎಂದ. ಸವದತ್ತಿಯಲ್ಲಿ ಕಾಯಿಲ್ ಹೊಸದಾಯಿತು. ಆಮೇಲೆ ಕಂಡೆನ್ಸರ್ ಎಂದ. ರಾಮದುರ್ಗದಲ್ಲಿ ಅದೂ ಆಯಿತು. ಬಳಿಕ ಪಂಪು. ಮೇಸ್ತ್ರಿಗಳು ಸಾಹುಕಾರ ಹೇಳಿದ್ದನ್ನು ಬಿಚ್ಚಿ, ಹೊಸದು ಹಾಕಿ ಕೈ ತೊಳೆದುಕೊಂಡರು. ನಿಮಗೇನು ಅನ್ನಿಸುತ್ತದೆ ಎಂದು ಅವನು ಅವರಲ್ಲಿ ಯಾರನ್ನೂ ಕೇಳಿರಲಿಲ್ಲ.

ಬದಲಿಸುವ ಸಾಮಾನುಗಳು ಮುಗಿದ ಮೇಲೆ ತಪ್ಪು ಹೊರಿಸಲು ಮನುಷ್ಯನೊಬ್ಬ ಉಳಿದ. ಒಂಬತ್ತು ವರ್ಷದಿಂದ ಆ ಕಾರನ್ನು ಓಡಿಸುತ್ತಿದ್ದ ಡ್ರೈವರ್ ಮಾಳಪ್ಪ. ಪೆಟ್ರೋಲ್ ಹಾಕಿಸಿದ ಹೊಸದರಲ್ಲಿ ಕಾರು ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಹಾಗಾದರೆ ನಡುವೆ ಮಾಳಪ್ಪ ಪೆಟ್ರೋಲ್ ತೆಗೆದು ಸೀಮೆ ಎಣ್ಣೆ ಸುರಿಯುತ್ತಾನೆ. ಶಂಕರೆಪ್ಪನ ಬುದ್ಧಿ ಅಲ್ಲಿಗೆ ಬಂದು ಕುಳಿತಿತು. ಅಂಗಡಿಯ ಗಾದಿಯ ಮೇಲೆ ಐದಾರು ಜನರಿದ್ದಾಗಲೇ ಅದನ್ನು ಹೊರಗೆ ಹಾಕಿದ.

"ಲೇ ಮಾಳ್ಯಾ, ಪೆಟ್ರೋಲ್ ಎಲ್ಲಿ ಮಾರ್ಕೊಳ್ಳಾಕತ್ತೀಲೇ?"

"ಅಂಥಾ ಕೆಲಸ ನಾ ಮಾಡಿಲ್ರಿ ಸಾವಕಾರ್ರ."

"ಹಂಗಾರ ಗಾಡಿ ಯಾಕ ನಿಲ್ಲತೈತಿ? ನಿನ್ನ ಮಾರಿ ನೋಡಿ ಬ್ಯಾಸರಾಗಿ ನಿಲ್ಲತೈತೇನು?"

ಕುಳಿತವರು ನಕ್ಕರು. ಪೆಟ್ರೋಲ್ ಕಳ್ಳನೆಂಬ ಹೆಸರು ಬಂದ ಡ್ರೈವರನಿಗೆ ನಮ್ಮ ಕಡೆ ಯಾರೂ ಕೀಲಿ ಕೊಡುವುದಿಲ್ಲ. ಮಾಳಪ್ಪನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಮರುವಾರ ಶಂಕರೆಪ್ಪನ ಹೆಂಡತಿ ಗುರವ್ವಕ್ಕನ ತವರಿನವರ ನಿಶ್ಚಿತಾರ್ಥಕ್ಕೆಂದು ಕಿತ್ತೂರಿಗೆ ಹೊರಟೆವು. ಓಣಿಯವಳೆಂದು ನನ್ನನ್ನೂ ಕರೆದಿದ್ದರು. ಕಾರು ಓಡಿಸುತ್ತಿದ್ದವನು ಮಾಳಪ್ಪನೇ. ಬೈಲಹೊಂಗಲ ದಾಟಿ ಸಂಪಗಾಂವದ ಬಳಿ ಕಾರು ನಿಂತಿತು. ಶಂಕರೆಪ್ಪ ಗಾಳಿಯನ್ನು ಮೂಸಿ, "ಸೀಮಿ ಎಣ್ಣಿ" ಎಂದ. ಪಕ್ಕದ ಗುಡಿಸಲಿನಲ್ಲಿ ಯಾರೋ ಸ್ಟೋ ಹಚ್ಚಿದ್ದರು. ಮತ್ತೆ ಹೊರಟು, ಕಿತ್ತೂರಿನ ಹೈವೇಯ ಹತ್ತಿರ ಅದು ಇನ್ನೊಮ್ಮೆ ನಿಂತಿತು. ಎದುರಿಗೇ ನೀಲಪ್ಪನೆಂಬ ಮೇಸ್ತ್ರಿಯ ಗ್ಯಾರೇಜು. ತಳ್ಳಿಕೊಂಡು ಹೋದೆವು.

ನೀಲಪ್ಪ ಬಾನೆಟ್ಟಿಗೆ ಕೈ ಹಾಕದೆ ಮಾಳಪ್ಪನ ಕಡೆ ತಿರುಗಿದ.

"ಹೆಂಗ ನಿಲ್ಲತೈತಿ, ಅಣ್ಣಾ? ದೀಪ ಊದಿದಂಗ ಒಮ್ಮೆಲೇ ಆರತೈತೋ, ಬಿಕ್ಕಿ ಬಿಕ್ಕಿ ನಿಲ್ಲತೈತೋ?"

"ಎಂಜಿನ್ ಸಪ್ಪಳ ಕೇಳಿದ್ರ..." ಎಂದು ಶಂಕರೆಪ್ಪ ಶುರುಮಾಡಿದ.

"ನಿಮ್ಮನ್ನಲ್ಲರಿ ಸಾವಕಾರ್ರ. ನೀವು ಹಿಂದ ಕುಂತಾವ್ರು. ಅದರ ಎಳತ ಗೊತ್ತಾಗೋದು ಇವ್ರ ಕಾಲಿಗೆ."

"ಬಿಕ್ಕಿ ಬಿಕ್ಕಿ ನಿಲ್ಲತೈತ್ರಿ," ಎಂದ ಮಾಳಪ್ಪ. "ಎಷ್ಟ ತುಳದ್ರೂ ಎಳ್ಯಂಗಿಲ್ಲ."

"ಕರೆಂಟ್ ಹೋದ್ರ ಒಮ್ಮೆಲೇ ಆರತೈತಿ. ಬಿಕ್ಕಿದ್ರ ಪೆಟ್ರೋಲ್ ಬರವಲ್ದು ಅಂತ ಅರ್ಥ. ಪೆಟ್ರೋಲ್ ಹಾಕಿಸಿದ ಕೂಡ್ಲೇ?"

"ಚಲೋ ಓಡತೈತ್ರಿ."

"ಇದನ್ನ ನಾ ಹೇಳಿದ್ದು," ಎಂದು ಶಂಕರೆಪ್ಪ ನಮ್ಮ ಕಡೆ ತಿರುಗಿದ.

ನೀಲಪ್ಪ ಹಿಂದಕ್ಕೆ ಹೋಗಿ ಪೆಟ್ರೋಲ್ ಟಾಕಿಯ ಮುಚ್ಚಳ ತಿರುಗಿಸಿದ. ಉಸ್ ಎಂದು ಟಾಕಿ ಉದ್ದಕ್ಕೆ ಗಾಳಿ ಎಳೆದುಕೊಂಡಿತು. "ಈಗ ಚಾಲೂ ಮಾಡ್ರಿ" ಎಂದ. ಹತ್ತು ನಿಮಿಷ ಕಾಯದೆಯೇ ಎಂಜಿನ್ ಎದ್ದಿತು. ಮುಚ್ಚಳದ ಮೇಲೆ ಮೂರು ಬಿಳಿಯ ಪಟ್ಟೆ ಗಚ್ಚಿನಂತೆ ದಪ್ಪಗೆ ಕೂತಿದ್ದವು. ಉಗುರಿನಿಂದ ಕೆರೆದ. ಬರಲಿಲ್ಲ.

"ಇದೇನ್ರಿ, ಸಿಮಿಟ?"

"ವಿಭೂತಿ," ಎಂದ ಶಂಕರೆಪ್ಪ.

"ವಿಭೂತಿ ಹಿಂಗ ಕಚ್ಚಿಕೊಳ್ಳಂಗಿಲ್ಲಲ್ರಿ."

ಗುರವ್ವಕ್ಕ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು. "ಗಾಳಿಗೆ ಹಾರತೈತಿ ಅಂತ ನಮ್ಮನಿಯವ್ರು ಜಾಲಿ ಅಂಟು ಕಲಸಿ ಹಚ್ಚತಾರಪಾ. ಯುಗಾದಿಯಿಂದ, ಸೋಮವಾರಕ್ಕೊಮ್ಮೆ. ಹಿಂದ ಬರೋ ಬಸ್ಸಿನವ್ರಿಗೆ ಕಾಣಲಿ ಅಂತ."

ಹಣೆಗೆ ಹಚ್ಚಿದ ವಿಭೂತಿ ಬೆವರಿಗೆ ಅಳಿಯುತ್ತದೆ. ಅಳಿಯುತ್ತದೆಂದೇ ಮರುದಿನ ಮಿಂದು, ಶಿವನನ್ನು ನೆನೆದು ಮತ್ತೆ ಹಚ್ಚಿಕೊಳ್ಳುತ್ತೇವೆ. ಅಂಟು ಕಲಸಿ ದೇವರನ್ನು ವಾರಕ್ಕೊಂದೇ ಸಲದಲ್ಲಿ ಮುಗಿಸಿಬಿಡಲು ನೋಡಿದವರಲ್ಲಿ ನಾನು ಕಂಡಿದ್ದು ಶಂಕರೆಪ್ಪನೊಬ್ಬನನ್ನೇ.

"ಈ ಮುಚ್ಚಳಕ ಸೂಜಿಮೊನಿಯಷ್ಟು ತೂತ ಇರತೈತ್ರಿ," ಎಂದ ನೀಲಪ್ಪ. "ಪೆಟ್ರೋಲ್ ಕಡಿಮಿ ಆದಂಗ ಅಲ್ಲಿಂದ ಗಾಳಿ ಒಳಗ ಹೋಗಬೇಕು. ಅದನ್ನ ಮುಚ್ಚಿದ್ರ ಟಾಕಿ ಪೆಟ್ರೋಲ್ ಬಿಟ್ಟುಕೊಡಂಗಿಲ್ಲ. ಸೀಮಿ ಎಣ್ಣಿ ಇಲ್ಲ, ಏನಿಲ್ಲ." ಸ್ಕ್ರೂಡ್ರೈವರಿನಿಂದ ಪಟ್ಟೆಗಳನ್ನು ಎಬ್ಬಿಸಿ, ತೂತಿನಲ್ಲಿ ಸೂಜಿ ಆಡಿಸಿ, ಮುಚ್ಚಳವನ್ನು ಮಾಳಪ್ಪನ ಕೈಗೆ ಕೊಟ್ಟ.

"ಪೆಟ್ರೋಲಿಂದ ತೊಂದ್ರಿ ಅಂತ ನಂಗ ಮೊದಲ ಗೊತ್ತಿತ್ತು," ಎಂದ ಶಂಕರೆಪ್ಪ.

ಸಂಜೆ ಮುನವಳ್ಳಿಯವರೆಗೂ ಕಾರು ಎಲ್ಲಿಯೂ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಮಾಳಪ್ಪ ಅಂಗಡಿಯ ಮುಂದೆ ಬಂದ.

"ಸಾವಕಾರ್ರ, ಅವತ್ತ ಕುಂತಾವ್ರು ಇವತ್ತೂ ಅದಾರ. ನಾ ಕಳವ ಮಾಡಿಲ್ಲಂತ ಒಂದ ಮಾತ ಹೇಳ್ರಿ."

"ಕಳ್ಳ ಅಂತ ನಾ ಯಾವಾಗ ಅಂದೇನಲೇ? ಎಲ್ಲಿ ಮಾರ್ಕೊಳ್ಳಾಕತ್ತೀ ಅಂತ ಕೇಳೇನಿ. ಕೇಳೋದು ತಪ್ಪೇನು?"

ಗಾದಿಯವರು ರೂಢಿಯಂತೆ ನಕ್ಕರು. ಮಾಳಪ್ಪ ಕೀಲಿಯನ್ನು ಗಾದಿಯ ಅಂಚಿಗೆ ಇಟ್ಟು ಹೋದ.

ಗಾಳಿಯ ತೂತು ಕಟ್ಟಿದ್ದನ್ನು ಬರೀ ಸಪ್ಪಳದಿಂದ ತಾನೇ ಹೇಗೆ ಹಿಡಿದೆನೆಂದು ಶಂಕರೆಪ್ಪ ಅಂದಿನಿಂದ ಹೇಳುತ್ತ ಬಂದಿದ್ದಾನೆ. ನಾನೇ ಮೂರು ಸಲ ಕೇಳಿದ್ದೇನೆ. ಗುರವ್ವಕ್ಕನ ಚಹಾ ಕೈಯಲ್ಲಿದ್ದುದರಿಂದ ಪೂರ್ತಿ ಕೇಳಿದೆ. ಮೂರನೆಯ ಸಲ ಆ ಕತೆಯಲ್ಲಿ ನೀಲಪ್ಪನೂ ಇರಲಿಲ್ಲ.

ಮಾಳಪ್ಪನಿಗೆ ಮೂರು ತಿಂಗಳು ಯಾರೂ ಕೀಲಿ ಕೊಡಲಿಲ್ಲ. ಕೊನೆಗೆ ರಾಮದುರ್ಗದ ಸೋಮಪ್ಪನೆಂಬವನ ಟೆಂಪೋದಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಅದು ನಮ್ಮ ಸಂತೆಗೆ ಬಂದಾಗ ಗುರವ್ವಕ್ಕ ನನ್ನ ಕೈ ಹಿಡಿದುಕೊಂಡು ಅದರ ಹತ್ತಿರ ಹೋದರು.

"ಮಾಳಪ್ಪಾ, ನೀ ಕಳವ ಮಾಡಾಂವ ಅಲ್ಲ. ಮನಿಯವ್ರ ಪರವಾಗಿ ನಾ ಹೇಳತೇನಿ."

"ನಿಮಗದು ಮೊದಲಿಂದ್ಲೂ ಗೊತ್ತಿತ್ತಲ್ಲವ್ವಾ," ಎಂದ ಮಾಳಪ್ಪ, ಹೇರಿಗೆ ಹಗ್ಗ ಬಿಗಿಯುತ್ತ. "ಗೊತ್ತಿಲ್ಲದವ್ರ ಮುಂದ ಆಗಬೇಕಿತ್ತು ಆ ಮಾತು."