ಇಂಕಾ ಬೆಟ್ಟದಲ್ಲಿ ಕೇಳಿದ ದನಿ

ದೋಹಾದ ಉತ್ತರಕ್ಕಿರುವ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಸುರಕ್ಷತೆಯ ಕೆಲಸ ಮಾಡಿದವನು ನಾನು. ಅಶರೀರವಾಣಿ, ಪವಾಡ ಎಂದವರನ್ನು ನಕ್ಕು ಕಳಿಸುತ್ತಿದ್ದೆ. ಈಗ ನಗುವ ಧೈರ್ಯವಿಲ್ಲ.

ಸೈರನ್ ಕೂಗಿದರೆ ಎಲ್ಲರೂ ಕೆಲಸ ಬಿಟ್ಟು ಅಸೆಂಬ್ಲಿ ಪಾಯಿಂಟಿಗೆ ಬಂದು ಸೇರಬೇಕು. ಪ್ಲಾಂಟಿನ ಈ ನಿಯಮವನ್ನು ಮನೆಗೂ ತಂದಿದ್ದೆ. ಮಾಲ್‌ಗೆ ಹೋದರೂ ಮೊದಲು ಒಂದು ಜಾಗ ತೋರಿಸಿ, ತಪ್ಪಿಸಿಕೊಂಡರೆ ಇಲ್ಲಿಗೇ ಬರಬೇಕು ಎನ್ನುತ್ತಿದ್ದೆ. ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ದೋಹಾದಿಂದ ಪೆರುವಿಗೆ ಹೋಗಿದ್ದೆವು. ಬೆಟ್ಟದ ನೆತ್ತಿಯಲ್ಲಿ ಇಂಕಾ ಜನರ ಪಾಳು ಊರು. ಅಲ್ಲೂ ಒಂದು ಕಲ್ಲಿನ ಬಾಗಿಲು ತೋರಿಸಿ ಹೆಂಡತಿ ಶಾಂತಾಗೆ ಅದನ್ನೇ ಹೇಳಿದೆ. ಅವಳು ನಕ್ಕು ಫೋಟೊ ತೆಗೆಯಲು ಆಚೆ ಹೋದಳು.

ಅಷ್ಟರಲ್ಲಿ ಮಂಜು ಇಳಿಯಿತು. ಚಾಚಿದ ಕೈ ಕಾಣಲಿಲ್ಲ. ಆ ಎತ್ತರದಲ್ಲಿ ಮೊದಲೇ ಉಸಿರು ಸಾಲದು. ‘ಇಲ್ಲಿಗೆ ಬಾ’ ಎಂದು ಕೂಗಲು ಬಾಯಿ ತೆರೆದೆ. ಗಾಬರಿಗೆ ಗಂಟಲು ಕಟ್ಟಿ ದನಿ ಹೊರಡಲೇ ಇಲ್ಲ. ಬಾಗಿಲಿನ ಕಲ್ಲು ಹಿಡಿದು ನಿಂತುಬಿಟ್ಟೆ.

ಮಂಜು ಸರಿದಾಗ ಶಾಂತಾ ಎದುರಿಗೇ, ಗೋಡೆಗೆ ಆತು ಕುಳಿತಿದ್ದಳು. ನಮ್ಮಿಬ್ಬರ ನಡುವೆ ಹಿಂದೆಂದೋ ನೆಲ ಕುಸಿದು ಪ್ರಪಾತ ಬಾಯಿ ತೆರೆದಿತ್ತು, ಅವಳ ಪಾದದ ಮುಂದಿನಿಂದಲೇ. ಅವಳು ಹೋಗಿದ್ದ ಸುತ್ತು ಹಾದಿಯಲ್ಲೇ ಹೋಗಿ ಅವಳ ಕೈ ಹಿಡಿದೆ. ಬೆಚ್ಚಗಿತ್ತು. ಹೋದ ಜೀವ ಬಂದಂತಾಯಿತು.

“ನಿಮ್ಮ ಕಡೀನ ಹೊಂಟಿದ್ದೆ. ಅಲ್ಲೇ ಕುಂದ್ರು, ಅಳ್ಳಾಡಬ್ಯಾಡ ಅಂತ ನೀವ ಒದರಿದ್ರಲ್ಲ?” ಎಂದಳು.

“ನಾ ಒದರೇ ಇಲ್ಲ.”

“ಇಷ್ಟು ವರ್ಷ ಬೈಸ್ಕೊಂಡ ದನಿ ನನಗ ಗುರ್ತು ಸಿಗೂದಿಲ್ಲೇನ್ರೀ?”

ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.

ಮರಳಿದ ಮೇಲೆ, ದೋಹಾದ ಬಿನ್ ಮಹಮೂದ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿರುವ ಪುತ್ತೂರಿನ ಹನೀಫ್ ಅವರಿಗೆ ಇದನ್ನು ಹೇಳಿದೆ. “ಎಂತ ಮಾರಾಯ್ರೆ, ನೀವು ಇಲ್ಲಿ ಫೋನಲ್ಲಿ ಮಾತಾಡಿದ್ರೆ ನನ್ನ ಮನೆಗೆ ಕೇಳ್ತದೆ. ಅಲ್ಲಿ ಮಾತ್ರ ಸ್ವರ ‘ಮಾಫಿ’, ಇಲ್ವೇ ಇಲ್ವಾ?” ಎಂದು ಅರಬ್ಬಿ ಬೆರೆಸಿ ಕೇಳಿದರು. ಒಳಗಿಂದ ಶಾಂತಾ ನಕ್ಕದ್ದು ಕೇಳಿಸಿತು. ಆ ನಗು ಕೇಳುತ್ತ ಕುಳಿತೆ.

ಅವಳು ಕೇಳಿದ್ದು ಯಾರ ದನಿಯೋ ನನಗೆ ಇಂದಿಗೂ ತಿಳಿಯದು. ನನ್ನದಾಗಿದ್ದರೆ ಅದು ‘ಬಾ’ ಎನ್ನುತ್ತಿತ್ತು. ಅವಳು ಬಂದೂ ಬಿಡುತ್ತಿದ್ದಳು. ಸದ್ಯ, ಅವತ್ತು ನನ್ನ ಗಂಟಲು ಕಟ್ಟಿತ್ತು.